ಡೇಕೇರ್‌ನಲ್ಲಿ ಸಂಜೆ ಟಿವಿ ಹಾಕುತ್ತಾರೆ, ಇಷ್ಟು ಚಿಕ್ಕ ಮಕ್ಕಳಿಗೆ ಇದು ಬೇಕಾ?

ಜೆಪಿನಗರ_ಅಮ್ಮ:

ಮಗಳಿಗೆ ಈಗ ಒಂದು ವರ್ಷ ಹತ್ತು ತಿಂಗಳು. ನನ್ನ ಆಫೀಸು ಬೆಳ್ಳಂದೂರಿನ ಕಡೆ, ಸಂಜೆ ಸಿಲ್ಕ್ ಬೋರ್ಡ್ ದಾಟಿ ಮನೆ ಸೇರುವಷ್ಟರಲ್ಲಿ ಏಳು ಗಂಟೆ ಆಗಿರುತ್ತದೆ. ಅತ್ತೆ ಮಾವ ಹಾಸನದಲ್ಲಿ, ಅಮ್ಮನಿಗೆ ಮಂಡಿ ನೋವು. ಹಾಗಾಗಿ ಮನೆ ಹತ್ತಿರದ ಒಂದು ಡೇಕೇರ್‌ಗೆ ಬಿಡುತ್ತೇವೆ. ಜಾಗ ಚೊಕ್ಕಟವಾಗಿದೆ, ಊಟ ಚೆನ್ನಾಗಿ ಮಾಡಿಸುತ್ತಾರೆ, ಅಲ್ಲಿನ ಆಂಟಿಯರನ್ನು ಕಂಡರೆ ಇವಳಿಗೆ ಪ್ರಾಣ. ಅದರಲ್ಲಿ ದೂರೇನಿಲ್ಲ.

ಹೋದ ವಾರ ಮೀಟಿಂಗ್ ಕ್ಯಾನ್ಸಲ್ ಆಯ್ತು ಅಂತ ಬೇಗ ಕರೆದುಕೊಂಡು ಬರಲು ಹೋದೆ. ಹಾಲ್‌ನಲ್ಲಿ ಮಕ್ಕಳನ್ನೆಲ್ಲ ಚಾಪೆ ಮೇಲೆ ಸಾಲಾಗಿ ಕೂರಿಸಿದ್ದರು. ಗೋಡೆ ಮೇಲೆ ದೊಡ್ಡ ಟಿವಿ, ಹಿಂದಿ ಕಾರ್ಟೂನ್ ಓಡುತ್ತಿತ್ತು. ಮಗಳ ಕೈಯಲ್ಲಿದ್ದ ಬಿಸ್ಕತ್ತು ಹಾಲಿನಲ್ಲಿ ನೆನೆದು ಮೆತ್ತಗಾಗಿ ಅರ್ಧ ಫ್ರಾಕ್ ಮೇಲೆ ಬಿದ್ದಿತ್ತು, ಅವಳಿಗೆ ಅದರ ಅರಿವೇ ಇಲ್ಲ. ಹೆಸರು ಹಿಡಿದು ಕೂಗಿದೆ, ತಿರುಗಲಿಲ್ಲ. ಮನೆಯಲ್ಲಿ ಬೀಗ ತೆಗೆಯುವ ಸದ್ದಿಗೇ ಓಡಿ ಬರುವ ಮಗು ಇದು.

ಕೇಳಿದರೆ 'ಸಂಜೆ ಸ್ವಲ್ಪ ಹೊತ್ತು ಮಾತ್ರ ಮೇಡಂ, ಎಜುಕೇಶನಲ್ ವಿಡಿಯೋನೇ ಹಾಕೋದು, ಎಲ್ಲಾ ಕಡೆ ಹಾಕ್ತಾರೆ' ಅಂದರು. ನನ್ನ ಗಂಡ 'ಸ್ವಲ್ಪ ಹೊತ್ತು ತಾನೇ, ಬಿಡು' ಅನ್ನುತ್ತಾರೆ. ಮನೆಯಲ್ಲಿ ನಾವು ಅವಳ ಕೈಗೆ ಮೊಬೈಲ್ ಕೊಡಲ್ಲ, ಊಟಕ್ಕೂ ಕೊಡಲ್ಲ. ಹಾಗಿರುವಾಗ ದುಡ್ಡು ಕೊಟ್ಟು ಕಳಿಸುವ ಜಾಗದಲ್ಲಿ ಟಿವಿ ಮುಂದೆ ಕೂರಿಸಿದರೆ ಹೊಟ್ಟೆ ಉರಿಯುತ್ತದೆ. ಡೇಕೇರ್ ಬದಲಾಯಿಸಬೇಕಾ, ಅಥವಾ ಮಾತಾಡಿದರೆ ಕೇಳುತ್ತಾರಾ? ನಿಮ್ಮ ಕಡೆ ಹೇಗೆ?

ಗಿರಿನಗರ_ಅಪ್ಪ:

ಮೇಡಂ, ಬೇಜಾರು ಮಾಡಿಕೊಳ್ಳಬೇಡಿ, ನನಗೆ ಇದು ಅಷ್ಟು ದೊಡ್ಡ ವಿಷಯ ಅನ್ನಿಸಲ್ಲ. ಊಟ, ನಿದ್ದೆ, ಸ್ವಚ್ಛತೆ ಚೆನ್ನಾಗಿದೆ, ಮಗು ಅಳದೆ ಹೋಗುತ್ತದೆ. ಬೆಂಗಳೂರಿನಲ್ಲಿ ಇಷ್ಟು ಸಿಗುವುದೇ ಕಷ್ಟ. ನಮ್ಮ ಮಗನೂ ಡೇಕೇರ್‌ನಲ್ಲಿ ಟಿವಿ ನೋಡಿಕೊಂಡೇ ಬೆಳೆದ, ಈಗ ಒಂದನೇ ಕ್ಲಾಸು, ಬಾಯಿ ಮುಚ್ಚಿಸೋಕೆ ಆಗಲ್ಲ. ಒಗ್ಗಿಕೊಂಡ ಮಗುವನ್ನು ಹೊಸ ಜಾಗಕ್ಕೆ ಹಾಕಿದರೆ ಮತ್ತೆ ಮೊದಲಿನಿಂದ ಅಳು, ಜ್ವರ, ರಜೆ. ಅರ್ಧ ಗಂಟೆ ಟಿವಿಗಿಂತ ಅದೇ ಜಾಸ್ತಿ ತೊಂದರೆ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಮಾತಿನ_ಮಿಸ್:

ನಾನು ಮಾತು ತಡವಾದ ಮಕ್ಕಳ ಜೊತೆ ಕೆಲಸ ಮಾಡುತ್ತೇನೆ, ಅದಕ್ಕೇ ಇಲ್ಲಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ನಿಯಮ ಏನಿದೆ ಅಂತ ನೋಡೋಣ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಇಷ್ಟು: ಎರಡು ವರ್ಷ ತುಂಬದ ಮಕ್ಕಳಿಗೆ ಸ್ಕ್ರೀನ್ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ನಮ್ಮ ದೇಶದ ಮಕ್ಕಳ ವೈದ್ಯರ ಸಂಘ, ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, ಹೇಳುವುದೂ ಹೆಚ್ಚುಕಮ್ಮಿ ಇದನ್ನೇ. ಊರಲ್ಲಿರುವ ಅಜ್ಜಿ ತಾತನ ಜೊತೆ ಆಗಾಗ ವಿಡಿಯೋ ಕಾಲ್ ಮಾಡಿದರೆ ಪರವಾಗಿಲ್ಲ ಅನ್ನುತ್ತದೆ, ಯಾಕೆಂದರೆ ಆ ಕಡೆ ಒಬ್ಬರು ಮಗುವಿಗೆ ಉತ್ತರ ಕೊಡುತ್ತಿರುತ್ತಾರೆ. ಫ್ರಾನ್ಸ್‌ನಲ್ಲಂತೂ 2025ರಲ್ಲಿ ಮೂರು ವರ್ಷದೊಳಗಿನ ಮಕ್ಕಳಿಗೆ ಡೇಕೇರ್‌ಗಳಲ್ಲಿ ಸ್ಕ್ರೀನನ್ನೇ ನಿಷೇಧಿಸಿದರು.

'ಎಜುಕೇಶನಲ್' ಅಂದರಲ್ಲ, ಅದರ ಬಗ್ಗೆ ಹೇಳಲೇಬೇಕು. ಅಮೆರಿಕದಲ್ಲಿ ಪೆಟ್ರೀಷಿಯಾ ಕುಹ್ಲ್ ಅನ್ನುವ ಸಂಶೋಧಕಿ ಒಂದು ಪ್ರಯೋಗ ಮಾಡಿದ್ದರು, 2003ರಲ್ಲಿ ಪ್ರಕಟವಾಯಿತು. ಒಂಬತ್ತು ತಿಂಗಳ ಮಕ್ಕಳಿಗೆ ಚೀನಾದ ಮ್ಯಾಂಡರಿನ್ ಭಾಷೆ ಕೇಳಿಸಿದರು. ಕೆಲವರ ಎದುರು ಮನುಷ್ಯರೇ ಕೂತು ಆಟ ಆಡಿಸುತ್ತಾ ಮಾತಾಡಿದರು, ಇನ್ನು ಕೆಲವರಿಗೆ ಅದನ್ನೇ ವಿಡಿಯೋದಲ್ಲಿ ತೋರಿಸಿದರು. ಎದುರಿಗೆ ಕೂತು ಕೇಳಿದ ಮಕ್ಕಳು ಆ ಭಾಷೆಯ ಸದ್ದುಗಳನ್ನು ಗುರುತಿಸಲು ಕಲಿತರು. ವಿಡಿಯೋ ನೋಡಿದವರು ಏನೂ ಕಲಿಯಲಿಲ್ಲ. ಮಗುವಿಗೆ ಬೇಕಾಗಿರುವುದು ಎದುರಿಗಿರುವ ಮುಖ, ತನ್ನ ಕಣ್ಣು ಎತ್ತ ಹೋಯಿತು ಅಂತ ನೋಡಿ 'ಓ, ಕಾಗೆ ಬಂತಾ!' ಅನ್ನುವ ಒಬ್ಬ ಮನುಷ್ಯ.

ಇನ್ನೊಂದು ವಿಷಯ ಡೇಕೇರ್‌ಗೆ ನೇರವಾಗಿ ತಾಗುತ್ತದೆ. 2009ರ ಒಂದು ಅಧ್ಯಯನದಲ್ಲಿ ಚಿಕ್ಕ ಮಕ್ಕಳ ಬಟ್ಟೆಗೆ ಪುಟ್ಟ ರೆಕಾರ್ಡರ್ ಹಾಕಿ ನೋಡಿದರು. ಟಿವಿ ಸದ್ದು ಇದ್ದ ಪ್ರತಿ ಗಂಟೆಗೆ, ಮಗುವಿನ ಕಿವಿಗೆ ಬೀಳುವ ದೊಡ್ಡವರ ಮಾತು ಸುಮಾರು 770 ಪದ ಕಡಿಮೆಯಾಗಿತ್ತು. ಮಗು ಟಿವಿ ನೋಡದಿದ್ದರೂ ಅದು ಓಡುತ್ತಿದ್ದರೆ ಸಾಕು, ದೊಡ್ಡವರ ಬಾಯಿ ಕಟ್ಟಿಹೋಗುತ್ತದೆ. ಇದನ್ನು ನಾನು ದಿನಾ ನೋಡುತ್ತೇನೆ.

ಗಿರಿನಗರದ ಸರ್, ನಿಮ್ಮ ಮಗ ಚೆನ್ನಾಗಿರುವುದು ಖುಷಿ. ಎಷ್ಟೋ ಮಕ್ಕಳು ಚೆನ್ನಾಗೇ ಇರುತ್ತಾರೆ, ಮನೆಯಲ್ಲಿ ಮಾತಾಡುವವರು ಇದ್ದರೆ ತುಂಬಿಕೊಳ್ಳುತ್ತದೆ. ಆದರೆ ಬೆಳಿಗ್ಗೆ ಒಂಬತ್ತರಿಂದ ಸಂಜೆ ಏಳರ ತನಕ ಡೇಕೇರ್‌ನಲ್ಲಿರುವ ಮಗುವಿಗೆ ಎಚ್ಚರವಿರುವ ಹೊತ್ತೆಲ್ಲ ಕಳೆಯುವುದು ಅಲ್ಲೇ ಅಲ್ವಾ? ಅಲ್ಲಿನ ಮಾತೇ ಅದಕ್ಕೆ ಮುಖ್ಯ ಊಟ.

ವಿಜಯನಗರ_ಆಂಟಿ:

ನಾನು ವಿಜಯನಗರದಲ್ಲಿ ಬಹಳ ವರ್ಷ ಡೇಕೇರ್ ನಡೆಸಿದವಳು, ಈಗ ನಿಲ್ಲಿಸಿದ್ದೇನೆ. ಆ ಕಡೆಯ ಕಥೆಯನ್ನೂ ಕೇಳಮ್ಮ.

ಟಿವಿ ಯಾವಾಗ ಹಾಕುತ್ತಾರೆ ಅಂತ ಗಮನಿಸು. ನಾಲ್ಕೂವರೆಗೆ ಮಕ್ಕಳು ನಿದ್ದೆಯಿಂದ ಎದ್ದಿರುತ್ತವೆ. ಆಗಲೇ ಡಯಾಪರ್ ಬದಲಾಯಿಸಬೇಕು, ಹಾಲು ಬಿಸಿ ಮಾಡಬೇಕು, ಮುಖ ತೊಳೆಸಿ ಬಟ್ಟೆ ಹಾಕಬೇಕು, ಬ್ಯಾಗು ಜೋಡಿಸಬೇಕು, ಕರೆಯಲು ಬಂದ ಅಪ್ಪ ಅಮ್ಮಂದಿರಿಗೆ ಇವತ್ತು ಎಷ್ಟು ತಿಂದಿತು ಅಂತ ಹೇಳಬೇಕು. ಐದು ಗಂಟೆಗೆ ಒಬ್ಬ ಆಯಾ ಬಸ್ಸು ಹಿಡಿಯಲು ಹೊರಡುತ್ತಾಳೆ, ಅವಳ ಮಕ್ಕಳೂ ಮನೆಯಲ್ಲಿ ಕಾಯುತ್ತಿರುತ್ತವೆ. ಉಳಿದವಳು ಒಬ್ಬಳು. ಕೇಂದ್ರ ಸರ್ಕಾರ ಆಫೀಸುಗಳ ಕ್ರೆಷ್‌ಗಳಿಗೆ 2018ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಮೂರು ವರ್ಷದೊಳಗಿನ ಹತ್ತು ಮಕ್ಕಳಿಗೆ ಒಬ್ಬ ಕೆಲಸದವರು, ಜೊತೆಗೆ ಒಬ್ಬ ಸಹಾಯಕಿ ಅಂತ ಇದೆ. ಬೀದಿ ಬೀದಿಯ ಡೇಕೇರ್‌ನಲ್ಲಿ ಸಂಜೆ ಹೊತ್ತು ಅಷ್ಟು ಜನ ಇರುತ್ತಾರಾ, ನೀನೇ ಹೋಗಿ ನೋಡು. ಕೈ ಸಾಲದಾಗಲೇ ಟಿವಿ ಆನ್ ಆಗುವುದು. ಇದನ್ನು ಬಿಟ್ಟು ಬರೀ 'ಟಿವಿ ಹಾಕಬೇಡಿ' ಅಂದರೆ, ನೀನು ಬಂದಾಗ ಮಾತ್ರ ಆಫ್ ಮಾಡುತ್ತಾರೆ.

ಇನ್ನೊಂದು ಹೇಳುತ್ತೇನೆ. ಸಿಸಿಟಿವಿ ಬಂದ ಮೇಲೆ ಇದು ಜಾಸ್ತಿಯಾಯಿತು. ಆಫೀಸಿನಲ್ಲಿ ಕೂತು ಫೋನಿನಲ್ಲಿ ನೋಡುವ ಅಪ್ಪ ಅಮ್ಮನಿಗೆ ಮಕ್ಕಳು ಓಡಾಡುತ್ತಿದ್ದರೆ, ಒಂದು ಬಿದ್ದರೆ, ಇನ್ನೊಂದು ಅತ್ತರೆ ಗಾಬರಿ. ತಕ್ಷಣ ಫೋನು ಬರುತ್ತದೆ. ಸಾಲಾಗಿ ಕೂತು ಟಿವಿ ನೋಡುತ್ತಿದ್ದರೆ ಒಬ್ಬರೂ ಫೋನ್ ಮಾಡುವುದಿಲ್ಲ. ಆಯಾಗಳು ಇದನ್ನು ಬೇಗ ಕಲಿಯುತ್ತಾರೆ.

ನಾನು ಏನು ಮಾಡುತ್ತಿದ್ದೆ ಅಂದರೆ, ಸಂಜೆ ನಾಲ್ಕರಿಂದ ಏಳಕ್ಕೆ ಅಂತಲೇ ಪಕ್ಕದ ರಸ್ತೆಯ ಒಬ್ಬ ಹೆಂಗಸನ್ನು ಇಟ್ಟುಕೊಂಡಿದ್ದೆ. ಆಕೆಗೆ ಕ್ಲೀನಿಂಗ್ ಇಲ್ಲ, ಅಡುಗೆ ಇಲ್ಲ, ಮಕ್ಕಳ ಜೊತೆ ನೆಲದ ಮೇಲೆ ಕೂರುವುದೇ ಕೆಲಸ. ಚಪಾತಿ ಹಿಟ್ಟು ಕಲಸಿ ಒಬ್ಬೊಬ್ಬರಿಗೆ ಒಂದು ನಿಂಬೆ ಗಾತ್ರ ಕೊಡುತ್ತಿದ್ದಳು. ಒತ್ತುತ್ತವೆ, ಮೂಸುತ್ತವೆ, ಸ್ವಲ್ಪ ಬಾಯಿಗೂ ಹೋಗುತ್ತದೆ, ಬೆರಳಲ್ಲಿ ತೂತು ಮಾಡಿ 'ಕಣ್ಣು' ಅನ್ನುತ್ತವೆ. ಸ್ಟೀಲ್ ಡಬ್ಬಿ, ಅದರ ಮುಚ್ಚಳ, ಹಳೆ ಲೋಟ ಇದ್ದರೂ ಸಾಕು, ಮುಚ್ಚುವುದು ತೆಗೆಯುವುದೇ ಅವಕ್ಕೆ ದೊಡ್ಡ ಕೆಲಸ. ಸದ್ದು ಜೋರು, ಅದನ್ನು ತಡೆದುಕೊಳ್ಳಬೇಕು. ಆಕೆಯ ಸಂಬಳಕ್ಕಾಗಿ ಫೀಸು ಸ್ವಲ್ಪ ಜಾಸ್ತಿ ಮಾಡಿದೆ, ಕೆಲವರು ಮಗುವನ್ನು ಬಿಡಿಸಿಕೊಂಡು ಹೋದರು. ಹೋಗಲಿ ಅಂದೆ.

ಕೆಂಗೇರಿ_ಸೂರಿ:

ಅಂಬೆಗಾಲಿಡುವ ಮಕ್ಕಳ ವಿಷಯದಲ್ಲಿ ಎರಡು ಮಾತಿಲ್ಲ. ಆದರೆ ಮೂರು ನಾಲ್ಕು ವರ್ಷದವರಿಗೂ ಡೇಕೇರ್‌ನಲ್ಲಿ ಬೇಡ ಅಂತಲೇ ನಾನು ಹೇಳುವುದು. ದಿನಕ್ಕೆ ಒಂದು ಗಂಟೆ ಅಂತ ಡಾಕ್ಟರುಗಳು ಹೇಳುತ್ತಾರಲ್ಲ, ಆ ಒಂದು ಗಂಟೆಯನ್ನು ಡೇಕೇರ್‌ನವರೇ ಖರ್ಚು ಮಾಡಿಬಿಟ್ಟರೆ ಮನೆಗೆ ಏನು ಉಳಿಯಿತು? ಅವರಿಗೂ ನಮಗೂ ಲೆಕ್ಕ ಹೊಂದಲ್ಲ. ಅವರು ಅರ್ಧ ಗಂಟೆ ಅಂತಾರೆ, ನಾವು ಅರ್ಧ ಗಂಟೆ ಅಂತೀವಿ, ಕಾರಿನಲ್ಲಿ ಟ್ರಾಫಿಕ್ಕಿಗೆ ಅಂತ ಇನ್ನರ್ಧ ಗಂಟೆ. ಜೊತೆಗೆ ಕೂತು ನೋಡಿ, ಇದೇನು ಅದೇನು ಅಂತ ಮಾತಾಡಿದರೆ ಅಷ್ಟಿಷ್ಟು ಉಪಯೋಗ. ಆ ಜೊತೆ ಕೂರುವ ಕೆಲಸ ಮನೆಯಲ್ಲಿ ಆಗಬಹುದು, ಹದಿನೈದು ಮಕ್ಕಳಿರುವ ಹಾಲ್‌ನಲ್ಲಿ ಆಗಲ್ಲ.

ನಮ್ಮ ಅಣ್ಣನ ಮಗ ಬೇಕು ಬೇಡ ಎಲ್ಲವನ್ನೂ ಕಾರ್ಟೂನ್ ಹಿಂದಿಯಲ್ಲೇ ಹೇಳುತ್ತಿದ್ದ. ಅಜ್ಜಿ ಕನ್ನಡದಲ್ಲಿ ಕರೆದರೆ ಮಿಕಮಿಕ ನೋಡುತ್ತಿದ್ದ. ಅಜ್ಜಿಗೆ ಎಷ್ಟು ನೋವಾಗುತ್ತಿತ್ತು ಅಂತ ನಾನು ಕಣ್ಣಾರೆ ನೋಡಿದ್ದೇನೆ. ಹಿಂದಿ ಕಲಿಯಲಿ, ತೊಂದರೆ ಇಲ್ಲ, ಆದರೆ ಮನೆಯವರ ಜೊತೆ ಆಡುವ ಮಾತು ಮೊದಲು ಬರಲಿ.

ಮೇಡಂ, ನಿಮ್ಮ ಕಂಪನಿಯಲ್ಲಿ ಕ್ರೆಷ್ ಇದೆಯಾ ಕೇಳಿ. 50 ಮತ್ತು ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಕ್ರೆಷ್ ಸೌಲಭ್ಯ ಕೊಡಬೇಕು ಅಂತ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಬಂತು. ದಿನಕ್ಕೆ ನಾಲ್ಕು ಸಲ ತಾಯಿ ಹೋಗಿ ಮಗುವನ್ನು ನೋಡಬಹುದು ಅಂತಲೂ ಅದರಲ್ಲಿದೆ.

ಗಿರಿನಗರ_ಅಪ್ಪ:

ಲೆಕ್ಕದ ಮಾತು ಒಪ್ಪಿದೆ ಸೂರಿ. ಡೇಕೇರ್ ಬದಲಾಯಿಸುವುದು ಬೇಡ ಅನ್ನುವುದರಲ್ಲಿ ಮಾತ್ರ ನನ್ನ ಅಭಿಪ್ರಾಯ ಅದೇ. ಮಗು ಹಚ್ಚಿಕೊಂಡಿರುವ ಆಂಟಿಯರನ್ನು ಬಿಡಿಸಬೇಡಿ ಮೇಡಂ. ಕೂತು ಮಾತಾಡಿ.

ಜೆಪಿನಗರ_ಅಮ್ಮ:

ಎಲ್ಲರಿಗೂ ಥ್ಯಾಂಕ್ಸ್. ಕಂಪನಿ ಕ್ರೆಷ್ ಇದೆ ಸೂರಿ ಅವರೇ, ಆದರೆ ಇಷ್ಟು ಪುಟ್ಟ ಮಗುವನ್ನು ಎರಡು ಹೊತ್ತೂ ಔಟರ್ ರಿಂಗ್ ರೋಡ್ ಟ್ರಾಫಿಕ್‌ನಲ್ಲಿ ಕೂರಿಸಲು ಮನಸ್ಸು ಬರಲ್ಲ.

ಆಂಟಿ ಹೇಳಿದ ಹಾಗೆ ಸಂಜೆ ಎಷ್ಟು ಜನ ಇರುತ್ತಾರೆ ಅಂತಲೇ ಮೊದಲು ಕೇಳಿದೆ. ಐದರ ಮೇಲೆ ಒಬ್ಬರೇ ಅಂತೆ. ಡೇಕೇರ್ ನಡೆಸುವವರೂ ಬಿಚ್ಚಿ ಮಾತಾಡಿದರು, ಟಿವಿ ಅವರಿಗೂ ಇಷ್ಟವಿಲ್ಲ. ಎರಡು ವರ್ಷದೊಳಗಿನವರನ್ನು ಸೋಮವಾರದಿಂದ ಒಳಗಿನ ರೂಮಿನಲ್ಲಿ ಆಡಿಸುತ್ತೇವೆ, ಅಲ್ಲಿ ಟಿವಿ ಇರಲ್ಲ ಅಂದರು. ದೊಡ್ಡ ಮಕ್ಕಳಿಗೂ ನಿಲ್ಲಿಸಬೇಕು ಅಂದರೆ ಸಂಜೆಗೆ ಇನ್ನೊಬ್ಬರು ಬೇಕು, ಅವರ ಸಂಬಳ ಹಂಚಿಕೊಳ್ಳುತ್ತೀರಾ ಅಂತ ಕೇಳಿದರು. ಪೇರೆಂಟ್ಸ್ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ್ದೇನೆ. ನಾಲ್ಕು ಮನೆಯವರು ಹೂಂ ಅಂದಿದ್ದಾರೆ, ಉಳಿದವರು ನೋಡಿ ಸುಮ್ಮನಿದ್ದಾರೆ. ಆಂಟಿ, ಮೂರು ಗಂಟೆ ಕೆಲಸಕ್ಕೆ ಬರುವವರು ಎಲ್ಲಿ ಸಿಗುತ್ತಾರೆ, ನೀವು ಹೇಗೆ ಹುಡುಕಿದಿರಿ?

ವಿಜಯನಗರ_ಆಂಟಿ:

ಏಜೆನ್ಸಿಗೆ ಹೋಗಬೇಡ. ಹತ್ತಿರದ ಶಾಲೆಯಲ್ಲಿ ಆಯಾ ಆಗಿರುವವರನ್ನು ಕೇಳು, ಮೂರೂವರೆಗೆ ಅವರ ಕೆಲಸ ಮುಗಿಯುತ್ತದೆ, ಮಕ್ಕಳ ಜೊತೆ ಇದ್ದು ಅಭ್ಯಾಸವೂ ಇರುತ್ತದೆ. ಆದರೆ ಇಡೀ ದಿನ ನಿಂತು ದಣಿದಿರುತ್ತಾರೆ, ಬಂದ ತಕ್ಷಣ ಕಾಫಿ ಕೊಟ್ಟು ಸ್ವಲ್ಪ ಕೂರಲು ಬಿಡಿ ಅಂತ ಡೇಕೇರ್‌ನವರಿಗೆ ಹೇಳು. ಪೊಲೀಸ್ ವೆರಿಫಿಕೇಶನ್ ಮಾಡಿಸದೆ ಯಾರನ್ನೂ ಒಳಗೆ ಬಿಡಬಾರದು, ಅದನ್ನೂ ಗ್ರೂಪಿನಲ್ಲಿ ಬರೆದು ಹಾಕು.