ಸಹಾಯ ಬೇಕು: 1966ರ ಮಸ್ಟಾಂಗ್ ಒಂದಿಂಚು ತಗ್ಗಿಸಬೇಕು

ನಮಸ್ಕಾರ. ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ನನ್ನ ಹಳೇ ಫೋರ್ಡ್ ಮಸ್ಟಾಂಗ್ ಕಾರು ಒಂದಿಂಚು ತಗ್ಗಿದರೆ ಸಾಕು, ನೆಲ ಕೆರೆಯುವಷ್ಟು ಬೇಡ.

ಕಾರಿನ ಹಿಂಭಾಗ ಸುಲಭ. ಪಟ್ಟಿ ಜೋಡಿಸಿದ ಲೀಫ್ ಸ್ಪ್ರಿಂಗ್‌ಗೂ ಆಕ್ಸಲ್‌ಗೂ ನಡುವೆ ಒಂದಿಂಚಿನ ಬ್ಲಾಕ್, ಉದ್ದನೆಯ ಯೂ-ಬೋಲ್ಟ್, ಮುಗೀತು.

ತಲೆನೋವು ಮುಂಭಾಗದ್ದು. ಕಾಯಿಲ್ ಸ್ಪ್ರಿಂಗ್ ಅರ್ಧ ಸುತ್ತು ಕತ್ತರಿಸಿದರೆ ಖರ್ಚಿಲ್ಲ, ಆದರೆ ಸ್ಪ್ರಿಂಗ್ ಗಡುಸಾಗುತ್ತದೆ. ಇನ್ನೊಂದು, ಶೆಲ್ಬಿ ಡ್ರಾಪ್: ಮೇಲಿನ ಕಂಟ್ರೋಲ್ ಆರ್ಮ್ (ಚಕ್ರವನ್ನು ಬಾಡಿಗೆ ಜೋಡಿಸುವ ತೋಳು) ಕೂರುವ ತೂತುಗಳನ್ನು ಒಂದಿಂಚು ಕೆಳಗೆ ಹೊಸದಾಗಿ ಕೊರೆಯುವುದು. ತಿರುವಿನಲ್ಲಿ ಹಿಡಿತ ಹೆಚ್ಚುತ್ತದೆ, ನಿಜ. ಆದರೆ ಕಾರು ತಗ್ಗುವುದು ಒಂದಿಂಚಿಗಿಂತ ಕಡಿಮೆ. ಸುಮ್ನೆ ಕಾರಿನ ಹಳೇ ಬಾಡಿಯಲ್ಲಿ ಡ್ರಿಲ್ ಹಾಕಲು ಮನಸ್ಸಿಲ್ಲ.

ಮಾಡಿದವರು ಹೇಳಿ: ಕೊರೆಯದೆ ಗಿಡ್ಡ ಸ್ಪ್ರಿಂಗ್ ಹಾಕಿದರೆ ಸಾಕಾ? ಟೈರ್ ಫೆಂಡರ್‌ಗೆ ತಾಗುತ್ತದಾ? ಆಮೇಲೆ ಚಕ್ರಗಳ ಅಲೈನ್‌ಮೆಂಟ್ ಮಾಡಿಸಲೇಬೇಕು ಅಲ್ವಾ? ಸ್ಪ್ರಿಂಗ್ ಅದುಮಿ ಹಿಡಿಯುವ ಕಂಪ್ರೆಸರ್ ಯಾವ ಬಗೆಯದು ಒಳ್ಳೆಯದು? ಸ್ಪ್ರಿಂಗ್ ಚಿಮ್ಮಿದರೆ ಕೈಯೇ ಹೋಗುತ್ತದೆ.