ಅಗ್ನಿಪರ್ವತದ ‘ಆಶ್’ಗೆ ‘ಬೂದಿ’ ಸರಿಯೇ?

ಪ್ರಶ್ನೆ: ಅಗ್ನಿಪರ್ವತ ಸಿಡಿದಾಗ ಊರಿನವರು ಏನು ಮಾಡಬೇಕು ಎಂದು ಹೇಳುವ ಕೈಪಿಡಿಯೊಂದು ಕನ್ನಡಕ್ಕೆ ಬರುತ್ತಿದೆ. ‘ವಾಲ್ಕ್ಯಾನಿಕ್ ಆಶ್’ಗೆ ‘ಬೂದಿ’ ಎಂದರೆ ಸಾಕೇ? ‘ಭಸ್ಮ’, ‘ಹಾರುಬೂದಿ’ ಎಂಬ ಸಲಹೆಗಳೂ ಇವೆ. ‘ಲಾಹಾರ್’ಗೂ ಒಂದು ಪದ ಬೇಕು. ಕರಡಿನಲ್ಲಿ ‘ಲಾವಾ ಕೆಸರು’ ಎಂದಿದೆ.

ಉತ್ತರ: ಹಾರುಬೂದಿಯನ್ನು ಮೊದಲೇ ಪಕ್ಕಕ್ಕಿಡಿ. ರಾಯಚೂರಿನಂಥ ಕಡೆ ಕಲ್ಲಿದ್ದಲು ಉರಿಸುವ ವಿದ್ಯುತ್ ಸ್ಥಾವರದಿಂದ ಬಂದು ಸಿಮೆಂಟಿಗೆ, ಇಟ್ಟಿಗೆಗೆ ಸೇರುವ ಸರಕಿಗೆ ಆ ಹೆಸರು ಆಗಲೇ ನಿಂತುಬಿಟ್ಟಿದೆ. ಭಸ್ಮ ಎಂದರೆ ಓದುವವರ ಕೈ ಹಣೆಗೆ ಹೋಗುತ್ತದೆ.

ಬೂದಿಯ ತೊಡಕು ಬೇರೆ. ಕನ್ನಡದಲ್ಲಿ ಏನಾದರೂ ಸುಟ್ಟರೆ ತಾನೆ ಬೂದಿ? ಇಲ್ಲಿ ಯಾವುದೂ ಸುಟ್ಟಿಲ್ಲ. ಕರಗಿದ ಶಿಲಾರಸದೊಳಗಿನ ಅನಿಲ ಒಮ್ಮೆಲೇ ಹಿಗ್ಗಿ ಅದನ್ನು ಚೂರುಚೂರು ಮಾಡುತ್ತದೆ. ಗಾಜಿನ ಚೂರು, ಖನಿಜದ ಹರಳು, ಹಳೆಯ ಬಂಡೆಯ ಪುಡಿ, ಇವುಗಳಲ್ಲಿ 2 ಮಿ.ಮೀ.ಗಿಂತ ಸಣ್ಣದೆಲ್ಲ ‘ಆಶ್’. 2ರಿಂದ 64 ಮಿ.ಮೀ. ಇದ್ದರೆ ‘ಲ್ಯಾಪಿಲ್ಲಿ’, ಅದಕ್ಕೆ ನಮ್ಮ ‘ಜಲ್ಲಿ’ ಚೆನ್ನಾಗಿಯೇ ಒಪ್ಪುತ್ತದೆ.

ಇದು ಬರೀ ಶಬ್ದದ ಜಗಳವಲ್ಲ. ಬೂದಿ ಎಂದ ಕೂಡಲೇ ಜನ ಒಲೆಬೂದಿಯ ರೂಢಿಯನ್ನೇ ಇದಕ್ಕೂ ಹಚ್ಚುತ್ತಾರೆ. ಒಲೆಬೂದಿ ಹಗುರ, ಊದಿದರೆ ಹಾರುತ್ತದೆ. ಇದು ಸೂರಿನ ಮೇಲೆ 10 ಸೆಂ.ಮೀ. ಕೂತರೆ ಒಣಗಿದ್ದಾಗಲೇ ಚದರ ಮೀಟರಿಗೆ 40ರಿಂದ 70 ಕೆ.ಜಿ. ಭಾರ, ಮಳೆ ಹೀರಿದರೆ ಅದರ ದುಪ್ಪಟ್ಟಾಗಬಹುದು. 1991ರ ಜೂನ್ 15ರಂದು ಫಿಲಿಪೈನ್ಸ್‌ನ ಪಿನಟುಬೊ ಸಿಡಿದಾಗ ಅದೇ ಹೊತ್ತಿಗೆ ಚಂಡಮಾರುತವೂ ಬಂತು. ಆಗ ಸತ್ತವರಲ್ಲಿ ಹೆಚ್ಚಿನವರು ನೆನೆದ ಪುಡಿಯ ಭಾರಕ್ಕೆ ಕುಸಿದ ಸೂರಿನಡಿ ಸಿಕ್ಕವರು.

ಒಲೆಬೂದಿ ಕ್ಷಾರ, ಗಿಡದ ಬುಡಕ್ಕೆ ಹಾಕುತ್ತೇವೆ. ಇದು ಹೊಸದಾಗಿ ಬಿದ್ದಾಗ ಮೈಗೆ ಆಮ್ಲ ಅಂಟಿಸಿಕೊಂಡಿರುತ್ತದೆ, ಕೆಲವೊಮ್ಮೆ ಫ್ಲೋರಿನನ್ನೂ. 1783ರಲ್ಲಿ ಐಸ್‌ಲ್ಯಾಂಡಿನ ಲಾಕಿ ಬಿರುಕು ಉಗುಳಿದ ಫ್ಲೋರಿನ್ ಹುಲ್ಲಿಗೆ ಸೇರಿ, ಆ ನಾಡಿನ ಅರ್ಧಕ್ಕೂ ಹೆಚ್ಚು ಜಾನುವಾರು ಸತ್ತವು.

ಒಲೆಬೂದಿಯ ಮೇಲೆ ಕೊಡ ನೀರು ಸುರಿದರೆ ಕೊಚ್ಚಿ ಹೋಗುತ್ತದೆ. ಇದು ಮೋರಿಯ ತಳದಲ್ಲಿ ಕೂತು ಸಿಮೆಂಟಿನ ಹಾಗೆ ಗಟ್ಟಿಯಾಗುತ್ತದೆ. ಹಾಗಾಗಿ ಕರಡಿನ ‘ಬೂದಿಯನ್ನು ತೊಳೆಯಿರಿ’ ಎಂಬ ವಾಕ್ಯ ಪದಕ್ಕಿಂತ ದೊಡ್ಡ ತಪ್ಪು. ‘ದೂಳು ಏಳದಷ್ಟು ನೀರು ಚಿಮುಕಿಸಿ, ಸಲಿಕೆಯಲ್ಲಿ ಬಾಚಿ ಚೀಲಕ್ಕೆ ತುಂಬಿ’ ಎಂದು ತಿದ್ದಿ. ಅದಕ್ಕೂ ಮುಂಚೆ, ಸೂರಿನ ನೀರು ತೊಟ್ಟಿಗೆ ಇಳಿಯುವ ಕೊಳವೆಯನ್ನು ಬಿಡಿಸಿಡಲು ಹೇಳಿ. ‘ಒರೆಸಿ’ ಎಂಬುದನ್ನೂ ತೆಗೆಯಿರಿ: ಕಾರಿನ ಗಾಜಿನ ಮೇಲೆ ವೈಪರ್ ಆಡಿಸಿದರೆ ಮರಳುಕಾಗದ ಉಜ್ಜಿದಂತೆ ಗೀರು ಬೀಳುತ್ತದೆ.

ವಿಮಾನದ ಪುಟದಲ್ಲಂತೂ ‘ಗಾಜು’ ಎಂಬ ಮಾತು ಬರಲೇಬೇಕು. 1982ರ ಜೂನ್ 24ರಂದು ಜಾವಾದ ಗಲುಂಗುಂಗ್ ಎಬ್ಬಿಸಿದ ಮೋಡ ಹೊಕ್ಕ ಬ್ರಿಟಿಷ್ ಏರ್‌ವೇಸ್ ವಿಮಾನದ ನಾಲ್ಕೂ ಎಂಜಿನ್ ನಿಂತವು. ಒಳಗಿನ ಕಾವಿಗೆ ಈ ಪುಡಿ ಕರಗಿ, ಉರಿಯ ಹಿಂಬದಿಯ ಟರ್ಬೈನ್ ಅಲಗುಗಳಿಗೆ ಮೆತ್ತಿಕೊಂಡು ಗಾಳಿಯ ದಾರಿ ಕಟ್ಟುತ್ತದೆ. ವಿಮಾನ ಕೆಳಗಿಳಿದು ಮೋಡದಾಚೆ ಬಂದ ಮೇಲೆ ಎಂಜಿನ್‌ಗಳು ಮತ್ತೆ ಹೊತ್ತಿಕೊಂಡು, ಜಕಾರ್ತಾದಲ್ಲಿ ಇಳಿಯಲಾಯಿತು. ಸುಟ್ಟು ಮುಗಿದ ಬೂದಿ ಮತ್ತೆ ಹೀಗೆ ಕರಗುತ್ತದೆ ಎಂದು ಯಾರಿಗೆ ತಾನೆ ಹೊಳೆದೀತು?

ಆದರೂ ‘ಬೂದಿ’ಯನ್ನು ಪೂರ್ತಿ ಕಿತ್ತುಹಾಕುವುದು ಬೇಡ. ಪತ್ರಿಕೆಗಳಲ್ಲಿ ಅದೇ ಬರುತ್ತದೆ, ಕಣ್ಣಿಗೂ ಹಾಗೇ ಕಾಣುತ್ತದೆ. ‘ಕಲ್ಲುಬೂದಿ’ ಎಂದು ಬರೆಯಿರಿ. ಮೊದಲ ಸಲ ಬಂದಲ್ಲಿ ‘ಗಾಜು, ಕಲ್ಲಿನ ನುಣ್ಣನೆಯ ಪುಡಿ’ ಎಂದು ಬಿಡಿಸಿ ಹೇಳಿ. ‘ಕಲ್ಲುಪುಡಿ’ ಎಂದಷ್ಟೇ ಬರೆದರೆ ಜಲ್ಲಿ ಕ್ರಷರ್ ನೆನಪಾಗುತ್ತದೆ.

ಇನ್ನು ಲಾಹಾರ್. ಇದು ಜಾವಾ ಭಾಷೆಯ ಪದ. ‘ಲಾವಾ’ಕ್ಕೂ ಇದಕ್ಕೂ ನಂಟಿಲ್ಲ, ಉಚ್ಚಾರ ಹತ್ತಿರ ಅಷ್ಟೆ. ಕಲ್ಲುಬೂದಿ, ಬಂಡೆ, ನೀರು ಸೇರಿ ಕಲೆಸಿದ ಕಾಂಕ್ರೀಟಿನ ಹಾಗೆ ಕಣಿವೆಯಲ್ಲಿ ನುಗ್ಗುವ ಪ್ರವಾಹ ಇದು. ಬಿಸಿಯಾಗಿ ಇರಲೇಬೇಕೆಂದಿಲ್ಲ, ಸ್ಫೋಟ ಮುಗಿದು ವರ್ಷಗಳಾದ ಮೇಲೂ ಜೋರು ಮಳೆಗೆ ಹೊರಡಬಹುದು. 1985ರ ನವೆಂಬರ್ 13ರಂದು ಕೊಲಂಬಿಯಾದ ನೆವಾಡೊ ಡೆಲ್ ರೂಯಿಸ್ ಸಿಡಿದದ್ದು ಸಣ್ಣದಾಗಿಯೇ. ಆದರೆ ನೆತ್ತಿಯ ಹಿಮ ಕರಗಿ ಎದ್ದ ಲಾಹಾರ್, ಸುಮಾರು 70 ಕಿ.ಮೀ. ಕೆಳಗಿದ್ದ ಆರ್ಮೆರೊ ಪಟ್ಟಣವನ್ನು ಎರಡೂವರೆ ಗಂಟೆಯಲ್ಲಿ ಮುಟ್ಟಿ ಹೂತುಹಾಕಿತು. ಆ ರಾತ್ರಿ ಒಟ್ಟು 23,000ದಷ್ಟು ಜನ ಸತ್ತರು.

‘ಲಾವಾ ಕೆಸರು’ ಎಂದು ಓದಿದವರು ಕೆಂಪಗೆ ಹೊಳೆಯುವುದನ್ನು ಕಾಯುತ್ತಾ ನಿಂತಾರು. ‘ಕೆಸರುನೆರೆ’ ಎನ್ನಿ, ಪಕ್ಕದಲ್ಲಿ ಒಮ್ಮೆ ‘ಲಾಹಾರ್’ ಇರಲಿ. ಕರಡಿನ ‘ಬೆಟ್ಟದಿಂದ ದೂರ ಓಡಿ’ ಎಂಬುದನ್ನು ಈ ಪುಟದಲ್ಲಿ ‘ಹೊಳೆಯ ದಾರಿ ಬಿಟ್ಟು ಪಕ್ಕದ ದಿಬ್ಬ ಹತ್ತಿ’ ಎಂದು ಬದಲಿಸಿ.