ಅಂಗಡಿ ಮುಂದಿನ ಕೋವಿಡ್ ಬೋರ್ಡ್ ಒಳಗಿಡಲೇ?

ತಿಪಟೂರು ಮೆಡಿಕಲ್ · 28 ಮಾರ್ಚ್ 2022

ನಮಸ್ಕಾರ. ತಿಪಟೂರಿನಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. 2020ರಿಂದ ಅಂಗಡಿ ಮುಂದೆ ಒಂದು ಕಪ್ಪು ಹಲಗೆ ಇಟ್ಟಿದ್ದೇನೆ. ಸಂಜೆ ಆರೋಗ್ಯ ಇಲಾಖೆಯ ಬುಲೆಟಿನ್ ಬಂದ ಕೂಡಲೇ ನಮ್ಮ ತಾಲ್ಲೂಕಿನ ಲೆಕ್ಕ ಬರೆಯುತ್ತೇನೆ. ಹೊಸ ಕೇಸು, ಗುಣವಾದವರು, ಮೃತರು. ದಿನಾ ಅಳಿಸಿ ಅಳಿಸಿ ಅಂಕಿ ಬರೆಯುವ ಜಾಗವೆಲ್ಲ ಬೆಳ್ಳಗಾಗಿಹೋಗಿದೆ.

ಈಗ ಹೆಚ್ಚಿನ ದಿನ ಬರೆಯುವುದು ಸೊನ್ನೆಯೇ. ಜನವರಿ 23ರಂದು ರಾಜ್ಯದಲ್ಲಿ ಒಂದೇ ದಿನ 50,210 ಕೇಸು ಬಂದಿದ್ದವು. ಈಗ ಇಡೀ ರಾಜ್ಯ ಸೇರಿದರೂ 200 ದಾಟುತ್ತಿಲ್ಲ. ವಿಪತ್ತು ನಿರ್ವಹಣಾ ಕಾಯ್ದೆಯಡಿ ಕೇಂದ್ರ ಹೊರಡಿಸಿದ್ದ ಕೋವಿಡ್ ಆದೇಶಗಳೂ ಇದೇ 31ಕ್ಕೆ ಮುಗಿಯುತ್ತವೆ. 'ಸಾಕಪ್ಪಾ, ಒಳಗಿಡು. ನೋಡಿದವರಿಗೆ ಸುಮ್ನೆ ಹಳೇದೆಲ್ಲ ನೆನಪಾಗುತ್ತೆ' ಅಂತಾನೆ ಮಗ.

ನನಗೆ ಮನಸ್ಸು ಬರುತ್ತಿಲ್ಲ. ಹೋದ ವರ್ಷ ಮೇ ತಿಂಗಳಲ್ಲಿ 'ಮೃತರು 3' ಅಂತ ಬರೆಯುತ್ತಿದ್ದೆ. ಪಕ್ಕದಲ್ಲಿ ಮಾತ್ರೆ ಚೀಟಿ ಹಿಡಿದು ನಿಂತಿದ್ದ ಹುಡುಗ, 'ಅಣ್ಣಾ, ಅದರಲ್ಲಿ ಒಬ್ಬರು ನಮ್ಮಪ್ಪ' ಅಂದ. ಕೈಯಲ್ಲಿದ್ದ ಸೀಮೆಸುಣ್ಣ ಹಾಗೇ ನಿಂತಿತು.

ಇನ್ನೊಂದು ವಿಷಯ. ಮೊನ್ನೆ ಒಬ್ಬರು ಮನೆಯಲ್ಲೇ ಮಾಡಿಕೊಳ್ಳುವ ಟೆಸ್ಟ್ ಕಿಟ್ ಒಯ್ದರು. ಸಂಜೆ ಫೋನ್ ಮಾಡಿ 'ಎರಡು ಗೆರೆ ಬಂತು' ಅಂದರು, ಅಂದರೆ ಪಾಸಿಟಿವ್. ಕಿಟ್ ಜೊತೆಗಿನ ಆಪ್‌ನಲ್ಲಿ ಹಾಕಿ ಅಂದೆ. ಹಾಕಿದರೋ ಇಲ್ಲವೋ. ಅವತ್ತೂ ನಾನು ಬರೆದದ್ದು ಸೊನ್ನೆ. ಆ ಸೊನ್ನೆ ನಿಜವಲ್ಲ ಅಂತ ನನಗೆ ಗೊತ್ತಿತ್ತು.

ದಿನಾ ಬರೆಯುವುದನ್ನು ನಿಲ್ಲಿಸಲೇ, ವಾರಕ್ಕೊಮ್ಮೆ ಮಾಡಲೇ?

ಲ್ಯಾಬ್ ಹುಡುಗ

ಅಣ್ಣ, ನಾನು ಪಿಎಚ್‌ಸಿಯಲ್ಲಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಲ್ಯಾಬ್ ಟೆಕ್ನಿಷಿಯನ್. ಲಕ್ಷಣ ಇಲ್ಲದವರಿಗೆ ಟೆಸ್ಟ್ ಬೇಡ ಅಂತ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಜನವರಿಯಲ್ಲೇ ಹೇಳಿದೆ. ಸೋಂಕಿತರ ಸಂಪರ್ಕದಲ್ಲಿದ್ದವರಲ್ಲೂ ವಯಸ್ಸಾದವರು, ಬೇರೆ ಕಾಯಿಲೆ ಇದ್ದವರಿಗಷ್ಟೇ. ಹಾಗಾಗಿ ಸ್ವಾಬ್ ಬರುವುದೇ ಕಡಿಮೆ.

ಇದು ಒಳ್ಳೆಯದೇ ಅಂತ ನನ್ನ ಅನಿಸಿಕೆ. ಸ್ವಾಬ್ ತೆಗೆ, ಎಸ್‌ಆರ್‌ಎಫ್ ನಂಬರ್ (ಮಾದರಿಯ ಗುರುತಿನ ಸಂಖ್ಯೆ) ಹಾಕು, ಡಬ್ಬಿ ಕಟ್ಟಿ ಕಳಿಸು. ಎರಡು ವರ್ಷ ಇದರಲ್ಲೇ ಹೋಯಿತು. ಟಿಬಿಗೆ ಕಫ ಪರೀಕ್ಷೆ ಮಾಡಿಸಲು ಬಂದವರು ಕಾಯಬೇಕಾಯಿತು. ಈಗ ಆ ಕೆಲಸಕ್ಕೆ ಕೈ ಬಿಡುವಾಗಿದೆ.

ಆದರೆ 'ಹೊಸ ಕೇಸು 0' ಅಂತ ಅಷ್ಟೇ ಬರೆಯಬೇಡಿ. ಎಷ್ಟು ಟೆಸ್ಟ್ ಆಯಿತು ಅಂತಲೂ ಪಕ್ಕದಲ್ಲಿ ಹಾಕಿ. 20 ಜನರಲ್ಲಿ ಸೊನ್ನೆ ಬೇರೆ, 600 ಜನರಲ್ಲಿ ಸೊನ್ನೆ ಬೇರೆ.

ಮೈಸೂರಿನಿಂದ ಸುಮಾ

ದಯವಿಟ್ಟು ಪೂರ್ತಿ ನಿಲ್ಲಿಸಬೇಡಿ ಸಾರ್. ನಮ್ಮಮ್ಮನಿಗೆ ಕಿಡ್ನಿ ಕಸಿ ಆಗಿದೆ. ಲಸಿಕೆ ಹಾಕಿಸಿದ್ದರೂ ಡಾಕ್ಟರು ಹುಷಾರು ಅಂತಾರೆ. ಶನಿವಾರ ಯುಗಾದಿ. ಅಮ್ಮನನ್ನು ಊರಿಗೆ ಕರೆದೊಯ್ಯಬೇಕೋ ಬೇಡವೋ ಅಂತ ನಾನು ತೀರ್ಮಾನಿಸುವುದು ಇಂಥ ಅಂಕಿ ನೋಡಿಯೇ. ಸ್ವಯಂಸೇವಕರು ನಡೆಸುತ್ತಿದ್ದ ಕೋವಿಡ್19ಇಂಡಿಯಾ ಎಂಬ ಅಂಕಿಅಂಶದ ವೆಬ್‌ಸೈಟ್ ಹೋದ ಅಕ್ಟೋಬರ್ ಕೊನೆಗೆ ನಿಂತಾಗಲೇ ತುಂಬಾ ಕಷ್ಟವಾಯಿತು. ದಿನಾ ಬೇಡ, ವಾರಕ್ಕೊಂದು ಸಲ ಸಾಕು.

ಬೆಂಗಳೂರು ರಘು

ಇಲ್ಲಿ ಕೊಳಚೆ ನೀರಿನ ಮಾದರಿ ತೆಗೆದು ವೈರಸ್ ಹುಡುಕುತ್ತಾರೆ. ಯಾರೂ ಟೆಸ್ಟ್‌ಗೆ ಹೋಗದಿದ್ದರೂ ಸೋಂಕು ಏರುತ್ತಿದೆಯಾ ಅಂತ ಗೊತ್ತಾಗುತ್ತೆ. ಎಲ್ಲ ಮನೆಗೂ ಒಳಚರಂಡಿ ಇಲ್ಲದ ಊರಲ್ಲಿ ಅದು ಕಷ್ಟ. ಆದರೆ ನಿಮ್ಮ ಕೈಯಲ್ಲಿ ಬಿಲ್ ಬುಕ್ ಇದೆಯಲ್ವಾ? ವಾರಕ್ಕೆ ಎಷ್ಟು ಸ್ಟ್ರಿಪ್ ಡೋಲೋ ಜ್ವರದ ಮಾತ್ರೆ ಹೋಗುತ್ತೆ, ಎಷ್ಟು ಕಿಟ್ ಹೋಗುತ್ತೆ ನೋಡುತ್ತಿರಿ. ಒಮ್ಮೆಲೇ ಜಾಸ್ತಿಯಾದರೆ ನಿಮಗೇ ಮೊದಲು ಗೊತ್ತಾಗುತ್ತೆ.

ತಿಪಟೂರು ಮೆಡಿಕಲ್

ಎಲ್ಲರಿಗೂ ಧನ್ಯವಾದ. ಇವತ್ತು ಒದ್ದೆ ಬಟ್ಟೆಯಲ್ಲಿ ಹಲಗೆ ಒರೆಸಿ ಹೊಸದಾಗಿ ಗೆರೆ ಎಳೆದೆ. ಇನ್ನು ವಾರಕ್ಕೊಮ್ಮೆ, ಕೊಬ್ಬರಿ ಹರಾಜಿನ ಒಂದು ದಿನ ಬರೆಯುತ್ತೇನೆ. ಅವತ್ತು ಹಳ್ಳಿಯವರೂ ಪೇಟೆಗೆ ಬಂದಿರುತ್ತಾರೆ. 'ಮಾಡಿದ ಟೆಸ್ಟ್' ಅಂತ ಒಂದು ಸಾಲು ಸೇರಿಸಿದ್ದೇನೆ. 'ಮೃತರು' ಸಾಲನ್ನು ತೆಗೆದಿಲ್ಲ.

ಲ್ಯಾಬ್ ತಮ್ಮ, ನನಗೆ ಬರುವ ಪಟ್ಟಿಯಲ್ಲಿ ಟೆಸ್ಟ್ ಲೆಕ್ಕ ಜಿಲ್ಲೆಯದು ಮಾತ್ರ ಇದೆ. ತಾಲ್ಲೂಕಿನದು ಎಲ್ಲಿ ಸಿಗುತ್ತೆ?

ಲ್ಯಾಬ್ ಹುಡುಗ

ತಾಲ್ಲೂಕು ಆರೋಗ್ಯಾಧಿಕಾರಿ ಕಚೇರಿಯಲ್ಲಿ ಕೇಳಿ ಅಣ್ಣ. ಎಲ್ಲ ಪಿಎಚ್‌ಸಿಗಳ ಲೆಕ್ಕವೂ ಅಲ್ಲಿಗೇ ಹೋಗುತ್ತೆ.